ಮಾವ ಹೆಸರಿಡದೆ ಬಿಟ್ಟ ಮೀನು

ಆಗ ಇಳಕಲ್ಲಿನ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಮಗ್ಗದ ಸಪ್ಪಳಕ್ಕೆ. ನೂಲಿಗೆ ಹಚ್ಚಿದ ಗಂಜಿಯ ಹುಳಿವಾಸನೆ ಅಂಗಳದಿಂದ ಅಡಿಗೆಮನೆಯವರೆಗೂ ತುಂಬಿರುತ್ತಿತ್ತು. ಅವ್ವ ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತಳೆಂದರೆ ಊಟದ ಹೊತ್ತಿಗೇ ಏಳುತ್ತಿದ್ದುದು. ಆ ಬೇಸಿಗೆಯಲ್ಲಿ ಅವಳ ತಮ್ಮ, ನನ್ನ ಸಂಗಪ್ಪ ಮಾವ, ಕಾರವಾರದ ಕಡೆಯಿಂದ ಬಲಗಿವಿಗೆ ಹತ್ತಿ ಇಟ್ಟುಕೊಂಡು ಬಂದ.

ಬಲಗಿವಿಯೋ ಎಡಗಿವಿಯೋ? ಬರೆದ ಮೇಲೆ ಅನುಮಾನ ಬರುತ್ತಿದೆ. ನನ್ನ ಮಾತು ಕೇಳಲು ಅವನು ತಲೆ ವಾಲಿಸುತ್ತಿದ್ದುದು ಮಾತ್ರ ಚೆನ್ನಾಗಿ ನೆನಪಿದೆ.

ಪ್ರವಾಸಿಗರನ್ನು ಸಮುದ್ರದೊಳಗೆ ಕರೆದೊಯ್ದು ತೋರಿಸುವುದು ಮಾವನ ಕೆಲಸ. ದಂಡೆಗೆ ಸಮೀಪ, ಹೆಚ್ಚು ಆಳವಿಲ್ಲದ ಕಡೆ, ಎಂದೋ ಮುಳುಗಿದ ಕಬ್ಬಿಣದ ಹಡಗೊಂದಿತ್ತು. ಮನುಷ್ಯರು ಬಿಟ್ಟುಹೋದ ಮೇಲೆ ಅಲ್ಲಿ ಮೀನುಗಳು ಸಂಸಾರ ಹೂಡಿದ್ದವು. ಮುಳುಗಿ ಮುಳುಗಿ ಮಾವನ ಕಿವಿಯ ತಮಟೆ ಹರಿದಿತ್ತು. ಇನ್ನು ನೀರಿಗಿಳಿಯಬೇಡ, ಒಳಗೆ ತಲೆ ತಿರುಗಿದರೆ ಮೇಲು ಯಾವುದು ಕೆಳಗು ಯಾವುದು ತಿಳಿಯುವುದಿಲ್ಲ ಎಂದು ಬಾಗಲಕೋಟೆಯ ಡಾಕ್ಟರು ಹೇಳಿದ್ದರು. ಅವ್ವ ಅದನ್ನು ದಿನಾ ನೆನಪಿಸುತ್ತಿದ್ದಳು.

“ಈ ಊರಾಗ ಕುಡ್ಯಾಕ ನೀರಿಲ್ಲ. ನಿನಗ ಮುಳಗಾಕ ನೀರು ಬೇಕಾತೇನೋ?”

ಮಾವ ನಕ್ಕು, ರೊಟ್ಟಿಗೆ ಇನ್ನಷ್ಟು ಶೇಂಗಾ ಹಿಂಡಿಯ ಚಟ್ನಿ ಹಾಕಿಸಿಕೊಳ್ಳುತ್ತಿದ್ದ. ನಮ್ಮದು ಮೀನು ತಿನ್ನದ ಮನೆ. ಅಡಿಗೆಮನೆಯಲ್ಲಿ ಅದರ ಹೆಸರೂ ಎತ್ತುವಂತಿರಲಿಲ್ಲ. ಹಾಗಾಗಿ ಮಗ್ಗದ ಬಳಿ ಬಂದು, ಸೀರೆಯ ಹೆಸರುಗಳನ್ನೇ ಮೀನುಗಳಿಗೆ ಇಟ್ಟು ಹೇಳುತ್ತಿದ್ದ. ಕೆಂಪು ಬಿಳಿ ಪಟ್ಟೆಯ ರೆಕ್ಕೆ ಹರಡಿ ತೇಲುವುದು ತೋಪತೆನಿ, ಅವ್ವ ನೇಯುತ್ತಿದ್ದ ತೆನೆ ತೆನೆ ಚಿತ್ತಾರದ ಸೆರಗಿನಂತೆ. ಮೈಯಂಚಿಗೆ ಚುಕ್ಕೆಗಳಿರುವುದು ಚಿಕ್ಕಿದಡಿ. ಹಡಗಿನ ಹೊಟ್ಟೆಯ ಕತ್ತಲಲ್ಲಿ ಗುಂಪಾಗಿ ನಿಲ್ಲುವ ಕೆಂಪು ಮೀನುಗಳು ದಾಳಿಂಬರಿ. ಅವ್ವ ಕೇಳಿಸದವಳಂತೆ ಲಾಳಿ ಓಡಿಸುತ್ತಿದ್ದಳು. ಒಂದು ದಿನ ಮಾತ್ರ ತಡೆಯಲಾರದೆ ಕೇಳಿಬಿಟ್ಟಳು.

“ತೋಪತೆನಿ ಅಂದ್ರ ತೆನಿ ಎರಡೂ ಕಡೆ ಎದುರುಬದುರು ಇರಬೇಕು. ನಿನ್ನ ಮೀನಿಗೆ ಅದಾವೇನು?”

“ಅದಾವು ಅಕ್ಕಾ. ನಿನ್ನಕಿಂತ ಚಂದ ಯಾರೋ ನೇದಾರ.”

ಒಂದು ಮೀನಿಗೆ ಮಾತ್ರ ಹೆಸರಿರಲಿಲ್ಲ. ಹಡಗಿನ ಮುರಿದ ಮೂತಿಯ ಕೆಳಗೆ ಅದು ಒಂಟಿಯಾಗಿರುತ್ತದೆ ಎಂದ. ಎಂಥ ಬಣ್ಣ, ಎಂಥ ದಡಿ ಎಂದು ಕಾಡಿದರೂ ಹೇಳಲಿಲ್ಲ.

“ಅದನ್ನ ನಿನಗಂತ ಬಿಟ್ಟೇನಿ. ನೀ ಬಂದು ನೋಡು, ನೀನ ಹೆಸರ ಇಡು.”

ಆಮೇಲೆ ನನಗೆ ಬೇರೇನೂ ಬೇಡವಾಯಿತು. ಮಾವ ಊರ ಹೊರಗಿನ ತೋಟದ ಬಾವಿಗೆ ಕರೆದೊಯ್ದು, ಬೆನ್ನಿಗೆ ಖಾಲಿ ಎಣ್ಣೆಡಬ್ಬಿ ಕಟ್ಟಿ ಈಜು ಕಲಿಸಿದ. ತಾನು ಮೊಣಕಾಲಿನವರೆಗೆ ನೀರಲ್ಲಿ ನಿಂತು ಕಲ್ಲಿನ ಮೆಟ್ಟಿಲ ಮೇಲೇ ಉಳಿಯುತ್ತಿದ್ದ. ಬಾವಿಯ ತಳದಲ್ಲಿ ತುಕ್ಕು ಹಿಡಿದ ಹಳೆಯ ಪಂಪೊಂದು ಬಿದ್ದಿತ್ತು. ಅದೇ ನಮ್ಮ ಹಡಗು. ಡಬ್ಬಿ ಬಿಚ್ಚಿ ಮುಳುಗಿ, ಅದನ್ನು ಮುಟ್ಟಿ, ಉಗುರಲ್ಲಿ ಪಾಚಿ ತುಂಬಿಕೊಂಡು ಮೇಲೆ ಬಂದ ದಿನ, ದಸರೆಗೆ ನಿಜವಾದ ಹಡಗಿಗೆ ಹೋಗೋಣ ಎಂದ. ಎಂದನೇ? ಅವನು ಹೇಳಿದ್ದೋ, ನಾನು ಕೇಳಿಕೊಂಡದ್ದೋ, ಈಗ ಬೇರ್ಪಡಿಸಲಾರೆ.

ಮಳೆಗಾಲ ಮುಗಿಯುತ್ತಲೇ ಮಾವ ಹೊರಟು ನಿಂತ. ಅವ್ವ ಮಗ್ಗದಿಂದ ಏಳಲೂ ಇಲ್ಲ.

“ನೀರಿಗೆ ಇಳಿಯೂದಿಲ್ಲ ಅಂತ ಆಣಿ ಮಾಡು.”

“ದಂಡಿ ಮ್ಯಾಲ ಕುಂತು ಬರೂ ಮಂದಿನ್ನ ನೋಡ್ಕೋತೇನಿ, ಅಕ್ಕಾ.”

ಆಣೆ ಮಾಡಲಿಲ್ಲ.

ದಸರೆಗೆ ಮೊದಲೇ ಸುದ್ದಿ ಬಂತು. ಮಾವ ಆ ಹಡಗಿನ ಹತ್ತಿರವೇ ಹೆಣವಾಗಿ ಸಿಕ್ಕಿದ್ದ. ಮೇಲಿನ ಬೆಳಕು ಕಾಣುವಷ್ಟೇ ಆಳವಂತೆ. ಆ ದಿನ ಪ್ರವಾಸಿಗರು ಯಾರೂ ಬಂದಿರಲಿಲ್ಲವಂತೆ. ಹಾಗಾದರೆ ಯಾರಿಗಾಗಿ ಇಳಿದ? ನನ್ನ ಮೀನು ಅಲ್ಲೇ ಇದೆಯೇ ಎಂದು ನೋಡಲಿಕ್ಕೆ? ಇದನ್ನು ಅವ್ವನಿಗೆ ನಾನು ಯಾವತ್ತೂ ಕೇಳಲಿಲ್ಲ. ಅವಳಿಗೂ ಹೊಳೆದಿತ್ತೋ ಏನೋ. ಮಗ್ಗದ ಮೇಲಿದ್ದ ಸೀರೆಯನ್ನು ಸೆರಗಿನವರೆಗೆ ತಂದು ನಿಲ್ಲಿಸಿದಳು. ತೋಪತೆನಿಯನ್ನು ಪಕ್ಕದ ಮನೆಯವರು ನೇಯ್ದು ಮುಗಿಸಿದರು. ಅವಳು ಮತ್ತೆಂದೂ ಆ ಸೆರಗು ನೇಯಲಿಲ್ಲ.

ಹೋದ ಚಳಿಗಾಲದಲ್ಲಿ ನಾನು ಆ ಹಡಗಿಗೆ ಇಳಿದೆ. ತುಕ್ಕಿನ ಮೇಲೆ ಚಿಪ್ಪುಗಳು ಬೆಳೆದು ಕಬ್ಬಿಣವೇ ಕಾಣುತ್ತಿರಲಿಲ್ಲ. ಕತ್ತಲಲ್ಲಿ ದಾಳಿಂಬರಿಗಳು ನಿಂತಿದ್ದವು. ತೋಪತೆನಿ ನನ್ನೆದುರೇ ರೆಕ್ಕೆ ಹರಡಿತು. ತೆನಿಗಳು ಎರಡೂ ಕಡೆ, ಎದುರುಬದುರು. ಅದೆಲ್ಲ ಖರೆ ಎಂದು ಹೇಳೋಣವೆಂದರೆ ಅವ್ವ ಈಗ ಇಲ್ಲ. ಮಗ್ಗದ ಕುಣಿಯನ್ನು ಮುಚ್ಚಿ ಫರಸಿ ಕಲ್ಲು ಹಾಸಿಯಾಗಿದೆ.

ಮುರಿದ ಮೂತಿಯ ಕೆಳಗೆ ಬಗ್ಗಿ ನೋಡಿದೆ. ಬೂದು ಬಣ್ಣದ ಮೀನೊಂದು ಮರಳಿಗೆ ಒತ್ತಿಕೊಂಡು ಮಲಗಿತ್ತು. ನೀಲಿ ಗೀರಿನದೊಂದು ಸುತ್ತುತ್ತಿತ್ತು. ಇನ್ನೊಂದರ ಕಣ್ಣು ಮಾತ್ರ ಬಿರುಕಿನಿಂದ ಕಾಣುತ್ತಿತ್ತು. ಬೆನ್ನಿಗೆ ಕಟ್ಟಿದ್ದ ಸಿಲಿಂಡರಿನ ಗಾಳಿ ಮುಗಿಯುತ್ತಾ ಬರುವವರೆಗೂ ನೋಡಿದೆ.

ಮೇಲೆ ಬಂದಾಗ, ನನ್ನ ಜೊತೆ ಇಳಿದಿದ್ದ ಗೈಡ್ ಹುಡುಗಿ ಯಾವ ಮೀನಿನ ಹೆಸರು ಬೇಕಾದರೂ ಕೇಳಿ, ಹೇಳುತ್ತೇನೆ ಎಂದಳು. ಬೇಡ ಎಂದೆ. ಹೆಸರು ಇಡಬೇಕಾದವಳು ನಾನು. ಯಾವುದಕ್ಕೆ ಎಂದು ತೋರಿಸಬೇಕಾದವನು ಇಲ್ಲ.