ಬರೀ ಹಿಂದ್ಲೋಳು

ಮಿರ್ಲೆಯ ಮರಮ್ಮನ ಜೊತೆ ನಾಟಿಗೆ ಹೋದವರು ಒಬ್ಬರೂ ಬೈಸಿಕೊಳ್ಳದೆ ಮನೆಗೆ ಬಂದದ್ದಿಲ್ಲ. ಪೈರು ವಾರೆ ನೆಟ್ಟರೆ ಬೈಗುಳ, ನೆಟ್ಟಗೆ ನೆಟ್ಟು ಹಿಂದೆ ಬಿದ್ದರೂ ಬೈಗುಳ. ಗದ್ದೆಯ ಯಜಮಾನನೇ ಬದುವಿನ ಮೇಲೆ ನಿಂತು ಏನಾದರೂ ಅಂದರೆ, "ನೀವು ಇಳ್ದು ನೆಡಿ ಸ್ವಾಮಿ, ನಾ ಬದಿನ ಮ್ಯಾಲೆ ನಿಂತ್ಕತೀನಿ" ಅನ್ನುವವಳು. ಅಂಥವಳು ತುಟಿಪಿಟಕ್ಕೆನ್ನದೆ ಹೇಳಿದ್ದನ್ನು ಹೇಳಿದ ಹಾಗೆ ಕೇಳುತ್ತಿದ್ದದ್ದು ಇಡೀ ಊರಿನಲ್ಲಿ ಒಬ್ಬಳ ಮಾತನ್ನು ಮಾತ್ರ. ಅವಳು ಪಕ್ಕದ ಬೀದಿಯ ವೀರಮ್ಮ. ಅದೂ ಸೋಬಾನೆ ಪದ ಹೇಳುವಾಗ.

ಮಿರ್ಲೆ ಸುತ್ತಮುತ್ತ ಮದುವೆಯಾದರೆ ಇವರಿಬ್ಬರೂ ಇರಲೇಬೇಕು. ವೀರಮ್ಮ ಮುಂದ್ಲೋಳು, ಮರಮ್ಮ ಹಿಂದ್ಲೋಳು. ಮುಂದ್ಲೋಳು ಒಂದು ಸಾಲು ಹೇಳುತ್ತಾಳೆ. ಅದು ಮುಗಿಯುವ ಮೊದಲೇ ಹಿಂದ್ಲೋಳು ಬಾಲ ಹಿಡಿದು ಎತ್ತಿಕೊಂಡು ಮತ್ತೆ ಹೇಳಬೇಕು. ಅಷ್ಟರಲ್ಲಿ ಮುಂದ್ಲೋಳು ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ತಯಾರಾಗುತ್ತಾಳೆ. ಇದಕ್ಕೊಂದು ಕಟ್ಟಳೆ ಉಂಟು. ಮುಂದ್ಲೋಳ ಬಾಯಿಂದ ಏನು ಬಂದರೂ ಹಿಂದ್ಲೋಳು ಹೇಳಲೇಬೇಕು, ಸಾಲು ಬಿಡುವಂತಿಲ್ಲ, ಬಿಟ್ಟರೆ ಮದುವೆಗೆ ಒಳ್ಳೆಯದಲ್ಲ. ಬೀಗಿತ್ತಿಯನ್ನು ಜರೆಯುವ ಪದದಲ್ಲೂ ಅಷ್ಟೆ. ಒಮ್ಮೆ ಮರಮ್ಮನ ಸ್ವಂತ ತಂಗಿಯೇ ಬೀಗಿತ್ತಿಯಾಗಿ ಬಂದಿದ್ದಳು. ವೀರಮ್ಮ ಅವಳನ್ನು ಅಟ್ಟದ ಮೇಲಿನ ಕಳ್ಳಬೆಕ್ಕು ಅಂದಳು, ಮರಮ್ಮನೂ ಅಂದಳು. ತಂಗಿ ಒಂದು ವರ್ಷ ಇವಳ ಹೊಸ್ತಿಲು ತುಳಿಯಲಿಲ್ಲ.

"ಬರ್ದೆ ಇದ್ರೆ ಓಗ್ಲಿ ಕಣ್ರೀ. ಸಾಲು ಬುಡಕ್ಕಾಯ್ತದಾ?" ಅಂದಿದ್ದಳು ಮರಮ್ಮ.

ವೀರಮ್ಮನಿಗೆ ಮಕ್ಕಳಾಗಲಿಲ್ಲ. ಯಾರಾದರೂ ಆ ಮಾತು ಎತ್ತಿದರೋ, ಅವರ ಏಳು ತಲೆಮಾರನ್ನು ಬೀದಿಗೆಳೆಯುವ ಕೆಲಸ ಮರಮ್ಮನದು. ಹೀಗೆ ಇವರು ಒಬ್ಬರಿಗೊಬ್ಬರು ಅಂಟಿಕೊಂಡಿದ್ದಾಗ ಕಾವ್ಯಶ್ರೀ ಬಂದಳು.

ಕಾವ್ಯಶ್ರೀ ಪಿರಿಯಾಪಟ್ಟಣದ ಕಡೆ ಹಾರನಹಳ್ಳಿಯ ಹುಡುಗಿ. ತಾನೇ ಹಾಡು ಕಟ್ಟಿ, ಗಿಟಾರ್ ಹಿಡಿದು ತಾನೇ ಹಾಡುವವಳು. ಅವಳದೊಂದು ಆಲ್ಬಂ ತಯಾರಾಗುತ್ತಿತ್ತು. ಅಂತರಸಂತೆಯಿಂದ ತಮಟೆ, ಕೆ.ಆರ್. ನಗರದಿಂದ ಓಲಗ ಅಂತ ಸುತ್ತಲ ತಾಲ್ಲೂಕುಗಳಿಂದ ಒಬ್ಬೊಬ್ಬರನ್ನು ಕರೆಸಿ ಒಂದೊಂದು ಹಾಡಿಗೆ ಸೇರಿಸಿಕೊಳ್ಳುತ್ತಿದ್ದಳು. ವೀರಮ್ಮನ ಜಗುಲಿಯಲ್ಲಿ ಕೂತು ಇಬ್ಬರ ಪದವನ್ನೂ ಕಣ್ಣು ಮುಚ್ಚಿ ಕೇಳಿದಳು.

"ನನ್ನ ಹಾಡಿನ ನಡುವೆ ಒಂದೇ ಧ್ವನಿ ಸಾಕು ವೀರಮ್ಮೋರೆ. ನೀವು ಹುಣಸೂರಿನ ಸ್ಟುಡಿಯೋಗೆ ಬನ್ನಿ. ನಮ್ಮ ಗೆಸ್ಟ್ ಆರ್ಟಿಸ್ಟು ನೀವು" ಅಂದಳು. ಹಾಗಂದವಳು ಸಂಕೋಚದಿಂದ ಮರಮ್ಮನ ಕಡೆ ನೋಡಿದಳು.

ವೀರಮ್ಮ ಹಿಗ್ಗಿ ಹೀರೇಕಾಯಾಗಿದ್ದಳು. "ಅಯ್, ಅವ್ಳು ಬರೀ ಇಂದ್ಲೋಳು ಕಣವ್ವಾ. ನಾನೇ ಬತ್ತೀನಿ" ಅಂದುಬಿಟ್ಟಳು.

ಬರೀ ಹಿಂದ್ಲೋಳು! ಮರಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಕೈಯಲ್ಲಿದ್ದ ಕಾಫಿ ಲೋಟವನ್ನು ಕುಡಿಯದೆ ಕೆಳಗಿಟ್ಟು ಎದ್ದು ಹೋದಳು. ಬೈಯದೆ ಹೋದಳಲ್ಲ ಅಂತ ವೀರಮ್ಮನಿಗೆ ಆಗಲೇ ಹೆದರಿಕೆಯಾಗಬೇಕಿತ್ತು.

ಮನೆಗೆ ಹೋದ ಮೇಲೆ ಪಾತ್ರೆಗಳಿಗೆ ಗ್ರಹಚಾರ. ತಪ್ಪಲೆ ಕುಕ್ಕಿದಳು, ಮೊರ ಎಸೆದಳು. "ಇಂದ್ಲೋಳಂತೆ, ಬರೀ ಇಂದ್ಲೋಳು! ಇವ್ಳಿಗೆ ಉಸ್ರು ಕಟ್ದಾಗ ಯಾರೇ ಎಳ್ಕಂಡ್ ಓಯ್ತಿದ್ದೋರು? ಇನ್ನು ಸತ್ರೂ ಪದ ಯೋಳಾಕಿಲ್ಲ ನಾನು" ಅಂತ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ವೀರಮ್ಮನ ಬೀದಿಯ ನಲ್ಲಿಗೆ ಹೋಗುವುದು ಬಿಟ್ಟು ದೂರದ ಬೋರಿನಿಂದ ನೀರು ಹೊತ್ತಳು. ಈರಕ್ಕ ಅನ್ನುತ್ತಿದ್ದ ಬಾಯಿಗೆ ಈಗ ಈರಿ ಅನ್ನುವುದೇ ರೂಢಿಯಾಯಿತು. ವೀರಮ್ಮ ಒಳ್ಳೆಯ ಸೀರೆಯುಟ್ಟು ಹುಣಸೂರಿಗೆ ಹೋದದ್ದನ್ನು ಬಾಗಿಲ ಸಂದಿಯಿಂದ ನೋಡಿದಳು. ಸಂಜೆ ತಲೆ ತಗ್ಗಿಸಿಕೊಂಡು ವಾಪಸು ಬಂದದ್ದನ್ನೂ ನೋಡಿದಳು.

ಮಾರನೆಯ ದಿನ ಕಾವ್ಯಶ್ರೀ ಮರಮ್ಮನ ಬಾಗಿಲಿಗೇ ಬಂದಳು.

"ಏನ್ ತಾಯಿ, ದಾರಿ ತಪ್ತಾ? ಮುಂದ್ಲೋಳ ಮನೆ ಆ ಬೀದೀಲದೆ" ಅಂದಳು ಮರಮ್ಮ.

"ದಾರಿ ತಪ್ಪಿದ್ದು ನಾನೇ ಮರಮ್ಮೋರೆ" ಅಂದ ಹುಡುಗಿ ಫೋನು ತೆಗೆದು ರೆಕಾರ್ಡಿಂಗ್ ಹಾಕಿದಳು. ವೀರಮ್ಮನ ದನಿ ಒಂದು ಸಾಲು ಹೇಳಿ ನಿಂತಿತು. ಆಮೇಲೆ ಏನೂ ಇಲ್ಲ. ಬಹಳ ಹೊತ್ತಿನ ಮೇಲೆ ತಡವರಿಸುತ್ತ ಇನ್ನೊಂದು ಸಾಲು, ಮತ್ತೆ ಏನೂ ಇಲ್ಲ.

"ಪ್ರತಿ ಸಾಲಿಗೂ ಹೀಗೇ ನಿಲ್ಲಿಸಿಬಿಡ್ತಾರೆ. ಮರೆತಿದ್ದಾರೆ ಅಂದ್ಕೊಂಡ್ವಿ. ಕೊನೆಗೆ ಅವರೇ ಅತ್ತರು. ಮರವ್ವ ಎತ್ಕಳ್ದೆ ಇದ್ರೆ ನಂಗೆ ಮುಂದುಕ್ಕೆ ಬರಾಕಿಲ್ಲ ಅಂದ್ರು."

ಫೋನಿನಲ್ಲಿ ಇನ್ನೊಂದು ಸಾಲು ಬಂತು. ಅದರ ಬಾಲ ಹಿಡಿಯಲು ಮರಮ್ಮನ ಬಾಯಿ ತಾನಾಗಿ ತೆರೆಯಿತು. ಥೂ, ಈ ಬಾಯಿಗಿಷ್ಟು ಮಣ್ಣು ಹಾಕ ಅಂತ ಸೆರಗು ಒತ್ತಿಕೊಂಡಳು. ಈಗ ತನ್ನ ಮೇಲೂ ಸಿಟ್ಟು ಬಂತು. ಅಳುವುದಂತೆ! ಅಂದ ಮಾತು ಅಂದಾಗಿದೆ, ಅತ್ತರೆ ವಾಪಸು ಹೋಗುತ್ತದೆಯೇ?

"ಬತ್ತೀನಿ ನಡಿ. ಆದ್ರೆ ಅವ್ಳು ನನ್ನೆದುರ್ಗೇ ಕೂರ್ಬೇಕು. ಕಿವಿಗೆ ತಂತಿ ಸಿಗ್ಸ್ಕಂಡು ನಾ ಪದ ಯೋಳಾಕಿಲ್ಲ."

ಹುಣಸೂರಿನ ಬಸ್ಸಿನಲ್ಲಿ ವೀರಮ್ಮ ಪಕ್ಕದ ಸೀಟಿಗೆ ಟವೆಲು ಹಾಕಿ ಜಾಗ ಹಿಡಿದಿದ್ದಳು. ಮರಮ್ಮ ಅದನ್ನು ದಾಟಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ಅವಳ ತುಟಿ ಅಲ್ಲಾಡುತ್ತಿತ್ತು. ದೇವರ ನಾಮ ಅಂತ ಯಾರಾದರೂ ಅಂದುಕೊಂಡಿದ್ದರೆ ಅವರ ಕರ್ಮ. ವೀರಮ್ಮನನ್ನು ಜರೆಯಲು ಮೂರು ಪದ ಕಟ್ಟುತ್ತಿದ್ದಳು. ಮೂರನೆಯದು ತೊಟ್ಟಿಲಿನದು.

ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಸ್ಟುಡಿಯೋ. ಗಾಜಿನ ಆಚೆ ಮಿಷನ್ನಿನ ಮುಂದೆ ರೆಕಾರ್ಡಿಂಗ್ ಮಾಡುವ ಶಂಕರ್, ಪಕ್ಕದಲ್ಲಿ ಕಾವ್ಯಶ್ರೀ. ಅಂತರಸಂತೆಯ ಅಂಕಯ್ಯ ಕೆಳಗೆ ಕಾಗದ ಉರಿಸಿ ತಮಟೆ ಕಾಯಿಸಿಕೊಂಡು ಬಂದು ಮೂಲೆಯಲ್ಲಿ ಕೂತಿದ್ದ. ಗಾಜಿನ ಒಳಗೆ ಇಬ್ಬರೂ ಮಂಡಿಗೆ ಮಂಡಿ ತಾಗುವಂತೆ ಕೂತರು. ವೀರಮ್ಮ ಉಸಿರೆಳೆದುಕೊಂಡಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಮರಮ್ಮ ಮುಂದಾಗಿ ಎತ್ತಿಬಿಟ್ಟಳು.

"ಒಬ್ಬಾಳೆ ಓದಾಳೆ ಉಣಸೂರ ಪ್ಯಾಟೇಗೆ
ಗಾಜೀನ ಮನೆಯಾಗೆ ಕುಂತಾಳೆ, ಈರೀಯ
ಬಾಯೀಗೆ ಬೀಗ ಬಿದ್ದಾವೆ"

ವೀರಮ್ಮನ ಮುಖ ಬಿಳುಚಿಕೊಂಡಿತು. ಆದರೆ ಸಾಲು ಬಂದಿದೆ, ಮುಂದೆ ಹೇಳಿದವಳು ಮರಮ್ಮ. ವೀರಮ್ಮ ಬಾಲ ಹಿಡಿದಳು. ಈರಿಯ ಬಾಯಿಗೆ ಬೀಗ ಬಿದ್ದದ್ದನ್ನು ಒಂದಕ್ಷರ ನುಂಗದೆ ಹೇಳಿದಳು. ಅಂಕಯ್ಯ ತಡೆಯಲಾರದೆ ತಮಟೆಗೆ ಒಂದು ಏಟು ಕೊಟ್ಟ.

"ಇಂದ್ಲೋಳು ಯಾತಾಕೆ ಅಂದಾಳೆ ಜಂಬಾದಿ
ಮುಂದೀನ ಸಾಲ ಮರೆತಾಳೆ"

ಅದನ್ನೂ ಹೇಳಿದಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ದನಿ ಮಾತ್ರ ಅಲುಗಲಿಲ್ಲ. ಅನ್ನು, ಅನ್ನು, ಗೊತ್ತಾಗಲಿ ಎಂದು ಮರಮ್ಮ ಒಳಗೇ ಹಲ್ಲು ಕಡಿದಳು. ಮೂರನೆಯ ಪದ ನಾಲಿಗೆ ತುದಿಗೆ ಬಂತು. ಎದುರಿಗೆ ವೀರಮ್ಮ ಕತ್ತು ಮುಂದೆ ಚಾಚಿ ಬಾಯಿ ಅರ್ಧ ತೆರೆದುಕೊಂಡು ಕಾಯುತ್ತಿದ್ದಳು. ಏನೇ ಬರಲಿ ಹೇಳಿಯೇ ಸಿದ್ಧ ಅನ್ನುವ ಹಾಗೆ. ಇಷ್ಟು ವರ್ಷ ತಾನು ಕೂತಿದ್ದೂ ಹೀಗೆಯೇ ಅಲ್ಲವೇ? ಮರಮ್ಮ ಆ ಪದವನ್ನು ನುಂಗಿಕೊಂಡಳು.

ಬೀಗಿತ್ತಿ ಪದದಲ್ಲಿ ಮಕ್ಕಳಿಲ್ಲದವಳಿಗೆ ಕಡೆಯಲ್ಲಿ ಬೀಳುವ ಏಟು ಯಾವುದೆಂದು ವೀರಮ್ಮನಿಗೆ ಗೊತ್ತಿಲ್ಲವೇ? ಕಾದಳು, ಬರಲಿಲ್ಲ. ಕೊನೆಗೆ ತಾನೇ ಎತ್ತಿದಳು.

"ತೊಟ್ಟೀಲು ಕಟ್ಟದ ಮನೆಯೋಳು ಈರಮ್ಮ..."

ಈಗ ಮರಮ್ಮ ಹೇಳಬೇಕು. ಮುಂದ್ಲೋಳು ಹೇಳಿಯಾಗಿದೆ. ಶಂಕರನ ಕೈ ಮಿಷನ್ನಿನ ಮೇಲೇ ನಿಂತಿತು.

"ಬಾಯ್ ಮುಚ್ಚೇ!" ಎಂದು ಕಿರುಚಿದಳು ಮರಮ್ಮ. "ಮುಚ್ಚೇ ಬಾಯ! ಆ ಸಾಲ ನಾ ಯೋಳಾಕಿಲ್ಲ! ನಿನ್ ಮುಂಡಾಮೋಚ, ಯಾರೇ ನಿಂಗೆ ಅದ್ನ ಅನ್ನು ಅಂದೋರು? ನಿನ್ನ ಅಂಗಂದೋರ ನಾಲ್ಗೆ ಕಿತ್ತಾಕ್ತೀನಿ, ಅದು ನೀನಾದ್ರೂ ಸೈ ಕಣೇ ಈರಕ್ಕ!"

ಸ್ವಂತ ತಂಗಿಯ ಮುಂದೆಯೂ ಸಾಲು ಬಿಡದವಳು ಅವತ್ತು ಬಿಟ್ಟಳು.

ಶಂಕರ್ ಮೆಲ್ಲಗೆ, "ಕೊನೇದು ಕಟ್ ಮಾಡ್ಲಾ?" ಅಂತ ಕೇಳಿದ.

"ಕೈ ಇಟ್ಟೀಯ ಜೋಕೆ" ಅಂದಳು ಕಾವ್ಯಶ್ರೀ.

ವಾಪಸು ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಹುಣಸೂರಿನಿಂದ ಮಿರ್ಲೆಯವರೆಗೂ ಮರಮ್ಮ ಬೈಯುತ್ತಲೇ ಇದ್ದಳು. ವೀರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, "ಊಂ ಕಣೆ, ಊಂ" ಅನ್ನುತ್ತ ಒಂದು ಮಾತನ್ನೂ ಬಿಡದೆ ಎತ್ತಿಕೊಳ್ಳುತ್ತಿದ್ದಳು.