ಗಾಳಿ ಕೊಡುತ್ತಿದ್ದ ರಜೆ

ನಮ್ಮ ಕಡೆ ಹೊಸ ಸೊಸೆಯನ್ನು ಆಷಾಢದಲ್ಲಿ ತವರಿಗೆ ಕಳಿಸುತ್ತಾರೆ. ಆ ತಿಂಗಳು ಗಂಡ ಹೆಂಡತಿ ಒಟ್ಟಿಗಿರಬಾರದು. ನನ್ನ ಸಂಸಾರ ಅದಕ್ಕೆ ಉಲ್ಟಾ. ನಾನು ಜಗಳೂರಿನಲ್ಲಿ ಇಂಗ್ಲಿಷ್ ಟೀಚರ್. ನಮ್ಮವರು ದೂರದ ಥರ್ಮಲ್ ಪ್ಲಾಂಟಿನಲ್ಲಿ, ಕಲ್ಲಿದ್ದಲು ಸೆಕ್ಷನ್ನಿನಲ್ಲಿ. ಅವರಿಗೆ ರಜೆಯೆಂಬುದೇ ಅಪರೂಪ. ಆಷಾಢದ ಗಾಳಿ ಎದ್ದು, ನಮ್ಮ ಗುಡ್ಡದ ಮೇಲಿನ ಗಾಳಿ ವಿದ್ಯುತ್ತಿನ ಫ್ಯಾನುಗಳೆಲ್ಲ ತಿರುಗಿ, ಕರೆಂಟು ಸಾಕಷ್ಟಾದರೆ ಅಲ್ಲಿ ಒಂದೆರಡು ಯೂನಿಟ್ ನಿಲ್ಲಿಸುತ್ತಿದ್ದರು. ಲೀವ್ ಸ್ಯಾಂಕ್ಷನ್ ಆಗುತ್ತಿದ್ದದ್ದು ಆಗಲೇ.

ನ್ಯಾಮತಿಯಲ್ಲಿರುವ ನಾದಿನಿ ಆಡಿಕೊಳ್ಳುತ್ತಿದ್ದಳು: “ಊರಿಗೆಲ್ಲ ಆಷಾಢದಾಗ ಅಗಲಿಕೆ, ನಮ್ಮ ಅತ್ತಿಗೆಗೆ ಹನಿಮೂನ್ ನೋಡ್ರಿ.” ಐವತ್ತು ದಾಟಿದ್ದ ನಾನು ಬ್ಲಶ್ ಆಗುತ್ತಿದ್ದೆ.

ಬಂದವರು ಮೊದಲ ದಿನವೆಲ್ಲ ಮಲಗುವರು. ಮಾರನೆಯ ದಿನ ಸ್ಕೂಟರಿನಲ್ಲಿ ಗುಡ್ಡಕ್ಕೆ ಹೋಗುತ್ತಿದ್ದೆವು. ಈ ಫ್ಯಾನುಗಳಿಂದ ದೇಶದ ಹೊಗೆ ನಿಜಕ್ಕೂ ಕಡಿಮೆಯಾಗುತ್ತದೆಯೇ ಎಂದು ಒಮ್ಮೆ ಕೇಳಿದ್ದೆ. ಫ್ಯಾನು ಹೊಗೆಯನ್ನು ನುಂಗುವುದಿಲ್ಲ, ಅದು ತಿರುಗಿದ್ದಕ್ಕೆ ನಾವು ಕಲ್ಲಿದ್ದಲು ಸುಡದೆ ಬಿಟ್ಟರೆ ಮಾತ್ರ ಕಾರ್ಬನ್ ಕಡಿಮೆ ಎಂದರು. ಸುಡದೆ ಉಳಿದ ಕಲ್ಲಿದ್ದಲು ಎಂದರೆ ನನ್ನ ಪಕ್ಕ ಕೂತ ಈ ಮನುಷ್ಯ, ಅಷ್ಟು ನನಗೆ ಅರ್ಥವಾಯಿತು.

ಅವರ ರಿಟೈರ್‌ಮೆಂಟಿಗೆ ಒಂದು ವರ್ಷ ಇರುವಾಗ ಗಾಳಿಯೇ ಏಳಲಿಲ್ಲ. ಸ್ಟಾಫ್‌ರೂಮಿನ ಕಿಟಕಿಯಿಂದ ದಿನಾ ಗುಡ್ಡ ನೋಡುತ್ತಿದ್ದೆ. ಆಷಾಢ ಮುಗಿಯಲು ನಾಲ್ಕು ದಿನವಿದ್ದಾಗ ಎರಡು ಫ್ಯಾನು ಮೆಲ್ಲಗೆ ತಿರುಗಿದವು. ತಕ್ಷಣ ಫೋನ್ ಮಾಡಿದೆ.

“ಗಾಳಿ ಬಂತು ರೀ. ಬ್ಯಾಗ್ ಪ್ಯಾಕ್ ಮಾಡ್ಕೊಳ್ಳಿ.”

“ನಿನ್ನ ಗುಡ್ಡದಾಗ ಬೀಸಿದ್ರೆ ಸಾಲಲ್ಲ ಕಣೇ, ರಾಜ್ಯದಾಗೆಲ್ಲ ಬೀಸಬೇಕು. ಇಲ್ಲಿ ಎಲ್ಲಾ ಯೂನಿಟ್ ಉರೀತಾ ಅದಾವೆ.”

“ಒಂದೆರಡು ದಿನಕ್ಕೂ ಆಗಲ್ವಾ?”

“ಇದೊಂದು ವರ್ಷ ತಡಿ. ಆಮೇಲೆ ಗಾಳಿ ಇರಲಿ ಬಿಡಲಿ, ಮನ್ಯಾಗೇ ಇರ್ತೀನಿ.”

ಆ ವರ್ಷ ಪೂರ್ತಿಯಾಗಲಿಲ್ಲ. ಕಾರ್ತಿಕದಲ್ಲಿ, ಡ್ಯೂಟಿಯಲ್ಲಿದ್ದಾಗಲೇ, ಹಾರ್ಟ್ ಅಟ್ಯಾಕ್.

ಈಗ ಜಗಳೂರಿನ ಸುತ್ತ ಎಲ್ಲಿ ನೋಡಿದರೂ ಫ್ಯಾನುಗಳು. ಈ ಆಷಾಢದ ಗಾಳಿಗೆ ಹೊಸಿಲು ದಾಟುವುದೂ ಕಷ್ಟ. ಅವರಿದ್ದ ಪ್ಲಾಂಟಿನಲ್ಲಿ ಯೂನಿಟ್ ನಿಲ್ಲಿಸಿದ್ದಾರೆಂದು ಪೇಪರಿನಲ್ಲಿ ಓದಿದೆ. ದೇಶಕ್ಕೆ ಒಳ್ಳೆಯದೇ, ನಾನೂ ಖುಷಿಪಡಬೇಕು. ಅಲ್ಲಿನ ಸ್ಟಾಫ್ ಕಾಲೊನಿಯಿಂದ ಯಾರೋ ರಜೆ ಸಿಕ್ಕು ಊರಿನ ಬಸ್ಸು ಹತ್ತಿರುತ್ತಾರೆ. ಮುಂಬಾಗಿಲು ಬಡಿದುಕೊಳ್ಳುತ್ತಲೇ ಇದೆ. ಎದ್ದು ಚಿಲಕ ಹಾಕಲು ಮನಸ್ಸಾಗುತ್ತಿಲ್ಲ.