ಮಾಳಿಗೆಗೆ ನಾನು ಹಾಕಿಸಿದ ಸಿಮೆಂಟು

ಕೊಡಿಗೇನಹಳ್ಳಿಗೆ ಹತ್ತಿರದ ನಮ್ಮೂರಿನ ಚಾವಡಿ ನನ್ನ ಮುತ್ತಜ್ಜನ ಕಾಲಕ್ಕಿಂತ ಹಳೆಯದು. ಕಲ್ಲುಕಂಬ, ಮರದ ತೊಲೆ, ಮೇಲೆ ಚಾವಣಿಯಾಗಿ ಮಣ್ಣಿನ ಮಾಳಿಗೆ. ಬೆಳಿಗ್ಗೆ ಮಹಿಳಾ ಸಂಘದ ಸಭೆ, ಸಂಜೆ ಮಕ್ಕಳಿಗೆ ನನ್ನ ಪಾಠ, ನಡುವೆ ಯಾರದಾದರೂ ನಾಮಕರಣ. ಶಾಲೆಯಿಂದ ನಿವೃತ್ತಳಾದ ಮೇಲೂ ನಾನು ಮನೆಯಲ್ಲಿ ಕೂತು ಸೊಸೆಯ ತಲೆ ತಿನ್ನದೆ ಇದ್ದೇನೆಂದರೆ ಅದಕ್ಕೆ ಈ ಚಾವಡಿಯೇ ಕಾರಣ.

ಅಂಥದ್ದನ್ನು ನಾನೇ ಹಾಳು ಮಾಡಲು ಹೊರಟಿದ್ದೆ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಮಾಳಿಗೆಗೆ ಚೌಳು ಮಣ್ಣು ಹೊತ್ತು ಹಾಕುವುದು ನಮ್ಮ ಕಡೆಯ ಪದ್ಧತಿ. ಆ ಮಣ್ಣು ನೀರನ್ನು ಒಳಗೆ ಇಳಿಯಗೊಡುವುದಿಲ್ಲ. ಒಂದು ವರ್ಷ ಯಾರೂ ಹಾಕದೆ ಮೂಲೆಯಲ್ಲಿ ಸೋರಿತು. “ಇನ್ನೆಷ್ಟು ಕಾಲ ಮಣ್ಣು ಹೊರೋದು? ಒಂದೇ ಸಲ ಸಿಮೆಂಟ್ ಹಾಕಿಸಿಬಿಡೋಣ,” ಎಂದೆ. ಊರಿನ ಅರ್ಧ ಜನ ನನ್ನ ಶಿಷ್ಯರೇ. ಎಲ್ಲರೂ ತಲೆಯಾಡಿಸಿದರು. ನಾನು ಬೀಗಿದೆ.

ಎರಡೇ ಮಳೆಗಾಲ. ಸಿಮೆಂಟು ಬಿರುಕು ಬಿಟ್ಟಿತು. ಒಳಗಿಳಿದ ನೀರು ಆರಲು ದಾರಿಯಿಲ್ಲದೆ ತೊಲೆಗಳ ಮೇಲೆ ನಿಂತಿತು. ಒಂದು ಸಂಜೆ ಪಾಠದ ನಡುವೆ ಹಿಡಿಯಷ್ಟು ಹಸಿಮಣ್ಣು ನನ್ನ ಹಾಜರಿ ಪುಸ್ತಕದ ಮೇಲೇ ಬಿತ್ತು. ಪಂಚಾಯ್ತಿಯಿಂದ ಪರಿಶೀಲನೆಗೆ ಬಂದ ಎಂಜಿನಿಯರ್ ಬಾಗಿಲಿಗೆ ಬೀಗ ಹಾಕಿಸಿದರು. “ಮುಂದಿನ ಮಳೆಯಲ್ಲಿ ಇನ್ನೊಂದ್ಸಲ ನೋಡ್ತೀನಿ. ಆಗ್ಲೂ ಸೋರಿದ್ರೆ ಕೆಡವೋದೇ,” ಎಂದರು. ಆ ವಾರ ನನಗೆ ಊಟ ಸೇರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡೆ.

ಆಗ ಬಂದವನು ನನ್ನ ಹಳೆಯ ಶಿಷ್ಯ, ಮಾಳಿಗೆ ಕೆಲಸದವರ ಮನೆಯವನು. ಐವತ್ತು ದಾಟಿದೆ, ಮೀಸೆ ನರೆತಿದೆ.

“ಮೇಡಂ, ಆ ಸಿಮೆಂಟ್ ಕಿತ್ತಾಕ್ಬುಡಾನ. ಎರಡು ತೊಲೆ ಬದ್ಲಾಯಿಸಿದ್ರೆ ಸಾಕು, ಮಿಕ್ಕಿದ್ದೆಲ್ಲ ಗಟ್ಟಿಗವೆ. ಬಿಸ್ಲಿಗೆ ಒಣಗ್ಲಿ, ಆಮ್ಯಾಕೆ ಚೌಳು ಹಾಕಾನ.”

ಸಿಮೆಂಟು ಒಡೆಯುವಾಗ ಒಂದೊಂದು ಏಟೂ ನನ್ನ ತಲೆಗೇ ಬಿದ್ದಂತಿತ್ತು. ಸಂಘದ ಹೆಂಗಸರು ಮಂಕರಿಗಳಲ್ಲಿ ಚೌಳು ಹೊತ್ತರು. ಅವನು ಮಂಡಿಯೂರಿ, ಇಳಿಜಾರು ನೋಡಿ ನೋಡಿ, ಬಡಿದು ಕೂರಿಸಿದ.

ಹದಿನೈದು ದಿನ ಕಾಯಿಸಿ, ಒಂದು ಮಧ್ಯಾಹ್ನ ಮಳೆ ಬಂತು. ಹೇಳಿದಂತೆಯೇ ಬಂದ ಎಂಜಿನಿಯರ್ ಬೀಗ ತೆಗೆಸಿ, ಟಾರ್ಚ್ ಹಿಡಿದು ಒಂದೊಂದೇ ತೊಲೆಯನ್ನು ನೋಡಿದರು. ನಾನು ಕಂಬ ಹಿಡಿದು ನಿಂತಿದ್ದೆ. ಹೊರಗೆ ಮಾಳಿಗೆಯ ನೀರು ಧೋ ಎಂದು ಸುರಿಯುತ್ತಿತ್ತು, ಒಳಗೆ ಒಂದು ಹನಿಯಿಲ್ಲ.

“ಕೆಡವೋದು ಬೇಡ ಬಿಡಿ. ನಾಳೆಯಿಂದ ಪಾಠ ಮಾಡ್ಕೊಳಿ,” ಎಂದರು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಷ್ಟು ಹಗುರವಾಗಿ ಉಸಿರಾಡಿ ಎಷ್ಟು ದಿನವಾಗಿತ್ತೋ.

ಅವರು ಹೋದ ಮೇಲೆ ಶಿಷ್ಯನನ್ನು ಕೇಳಿದೆ. “ಸಿಮೆಂಟ್ ಹಾಕಿದ್ರೆ ಹಿಂಗಾಗುತ್ತೆ ಅಂತ ನಿಂಗೆ ಮೊದಲೇ ಗೊತ್ತಿತ್ತೇನೋ?”

“ಗೊತ್ತಿತ್ತು ಮೇಡಂ.”

“ಮತ್ತೆ ಯಾಕೋ ಬಾಯಿ ಬಿಡಲಿಲ್ಲ?”

ಅವನು ತಲೆ ಕೆರೆದುಕೊಂಡ. “ಎದುರ್ ಮಾತಾಡಿದ್ರೆ ಬೆಂಚ್ ಮ್ಯಾಲೆ ನಿಲ್ಲುಸ್ತಿದ್ರಲ್ಲ ಮೇಡಂ. ಅಂಗೇ ಅಭ್ಯಾಸ ಆಗೋಗೈತೆ.”

ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ವರ್ಷಗಟ್ಟಲೆ ನಾನೇ ಕಲಿಸಿದ ಆ ಹೆದರಿಕೆ ಒಂದು ಚಾವಡಿಯನ್ನೇ ನುಂಗಿಬಿಡುತ್ತಿತ್ತು.

“ಕೂತ್ಕೊಳೋ. ನಾನು ಇನ್ನೇನೇನು ತಪ್ಪು ಮಾಡಿದೀನಿ, ಹೇಳು,” ಎಂದೆ.

 ಅವನು ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತು, ಬೆರಳು ಮಡಿಸುತ್ತಾ ಶುರು ಮಾಡಿದ.